ಅಕ್ಕನ ಅಳತೆ ಬ್ಲೌಸು

ನನ್ನ ಹೊಲಿಗೆಗೆ ಹೆಸರಿಟ್ಟವರನ್ನು ನಾನು ಸುಮ್ಮನೆ ಬಿಡುವವಳಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನಿ, ಕೇಳಿಸಿಕೊಳ್ಳುತ್ತೇನೆ. ಮನೆಯಲ್ಲಿ ಕಸ ಬಿದ್ದಿದೆ ಅನ್ನಿ, ಪೊರಕೆ ಅಲ್ಲಿದೆ ನೋಡಿ ಅನ್ನುತ್ತೇನೆ. ಬ್ಲೌಸು ಸರಿಯಾಗಿ ಕೂತಿಲ್ಲ ಅಂದಿರೋ, ಟೊಂಕ ಕಟ್ಟಿ ನಿಂತೇ ಬಿಡುತ್ತೇನೆ. ಈ ಸಿಟ್ಟು ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿದವರು ಬಹಳ ಜನ. ಅವರಿಗೆಲ್ಲ ನಾನು ಹೇಳುವುದು ಒಂದೇ: ನಮ್ಮಕ್ಕ ಇವತ್ತು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವುದು ಈ ಸಿಟ್ಟಿನಿಂದಲೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ತುಮಕೂರಿನ ಶಿರಾ ಗೇಟ್ ಹತ್ತಿರ, ಲಾರಿಗಳ ಹಾರನ್ನಿನ ನಡುವೆ, ನನ್ನದೊಂದು ಪುಟ್ಟ ಲೇಡೀಸ್ ಟೈಲರ್ ಅಂಗಡಿ ಇತ್ತು. ಒಂದು ಮೆಷಿನ್ನು, ಒಂದು ಕಟಿಂಗ್ ಟೇಬಲ್ಲು, ಗೋಡೆಯ ಮೊಳೆಗಳಲ್ಲಿ ನೇತಾಡುವ ಬ್ಲೌಸುಗಳು. ಪಕ್ಕದಲ್ಲಿ ಒಬ್ಬ ಮುಸ್ಲಿಂ ಹಿರಿಯರ ಅಂಗಡಿ. ಲೈನಿಂಗ್ ಬಟ್ಟೆ, ಸೀರೆ ಫಾಲ್ಸು, ದಾರ, ಹುಕ್ಕು ಮಾರುತ್ತಿದ್ದರು. ಎಲ್ಲರಿಗೂ ಅವರು ಭಾಯಿ, ನನಗೂ ಭಾಯಿ. ನಾನು ಗಿರಾಕಿಗಳ ಮೇಲೆ ರೇಗುವಾಗ ಅವರು ಅಲ್ಲಿಂದಲೇ ಕೆಮ್ಮುತ್ತಿದ್ದರು. ಸಾಕು ನಿಲ್ಲಿಸು ಎಂದು ಅದರ ಅರ್ಥ.

ನಮ್ಮ ಕಡೆಯ ಹೆಂಗಸರು ಟೇಪಿನಲ್ಲಿ ಅಳತೆ ಕೊಡುವುದಕ್ಕೆ ಸಂಕೋಚ ಪಡುತ್ತಾರೆ. ಮೈಗೆ ಚೆನ್ನಾಗಿ ಕೂತ ಹಳೆಯ ಬ್ಲೌಸೊಂದನ್ನು ಹೊಸ ಬಟ್ಟೆಯ ಜೊತೆ ಸುತ್ತಿ ಕೊಟ್ಟುಬಿಡುತ್ತಾರೆ. ಅದೇ ಅಳತೆ ಬ್ಲೌಸು. ಅದನ್ನು ಟೇಬಲ್ ಮೇಲೆ ಹರವಿ, ಅದರಂತೆಯೇ ಕತ್ತರಿಸಿ ಹೊಲಿದರೆ ಕೆಲಸ ಮುಗಿಯಿತು. ಆ ಹೆಂಗಸು ಅಂಗಡಿಗೆ ಬರಬೇಕಾಗಿಯೇ ಇಲ್ಲ. ಎಷ್ಟೋ ಗಿರಾಕಿಗಳ ಮುಖ ನಾನು ವರ್ಷಗಟ್ಟಲೆ ನೋಡಿರಲಿಲ್ಲ, ಅವರ ತೋಳಿನ ಸುತ್ತಳತೆ ಮಾತ್ರ ಬಾಯಿಪಾಠವಾಗಿತ್ತು.

ನಮ್ಮಕ್ಕನನ್ನು ಗುಬ್ಬಿ ತಾಲೂಕಿನ ಹಾಗಲವಾಡಿಗೆ ಕೊಟ್ಟಿತ್ತು. ಹೊಲ, ಹಸು, ಅತ್ತೆ, ಗಂಡ, ಇಬ್ಬರು ಮಕ್ಕಳು. ಅವಳಿಗೆ ತುಮಕೂರಿಗೆ ಬರಲು ಪುರುಸೊತ್ತಿಲ್ಲ, ನನಗೆ ಅಂಗಡಿ ಬಿಟ್ಟು ಹೋಗಲು ಮನಸ್ಸಿಲ್ಲ. ಹಬ್ಬ ಬಂತೆಂದರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅವಳ ಗಂಟು ಬರುತ್ತಿತ್ತು: ಬಟ್ಟೆ, ಅಳತೆ ಬ್ಲೌಸು, ಜೊತೆಗೆ ಒಂದು ಪೊಟ್ಟಣ ಹುರಿಗಾಳು. ಹೊಲಿದು ಅದೇ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೆ.

ಅಕ್ಕ ಎಂದರೆ ನನಗೆ ಬರೀ ಅಕ್ಕ ಅಲ್ಲ. ಕುಣಿಗಲ್ ತಾಲೂಕಿನ ಹುತ್ರಿದುರ್ಗದ ಬುಡದಲ್ಲಿ ನಮ್ಮ ತವರು. ನಾನು ಇನ್ನೂ ಸ್ಕೂಲಿಗೆ ಸೇರುವ ಮೊದಲೇ ಅಮ್ಮ ತೀರಿಕೊಂಡಳು. ನನಗೆ ಜಡೆ ಹಾಕಿದ್ದು, ಹೊಡೆದದ್ದು, ಮುದ್ದು ಮಾಡಿದ್ದು ಎಲ್ಲ ಅಕ್ಕನೇ. ಸೂಜಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಅವಳ ಕೈಹೊಲಿಗೆ ಇರುವೆ ಸಾಲಿನಂತೆ, ಒಂದೇ ಸಮ, ಒಂದೇ ದಿಕ್ಕು. ನಾನು ದುಡ್ಡು ತೆಗೆದುಕೊಂಡು ಹೊಲಿಯುವವಳಾದೆ, ಆದರೆ ಅವಳ ಕೈಯ ಹದ ನನಗೆ ಇವತ್ತಿಗೂ ಬಂದಿಲ್ಲ.

ಒಂದು ವರ್ಷ ಯುಗಾದಿಗೆ ಕಳಿಸಿದ ಬ್ಲೌಸು ಸಡಿಲವಾಯಿತೆಂದು ಕಂಡಕ್ಟರ್ ಬಂದು ಹೇಳಿದ. ನಾನು ನಂಬಲಿಲ್ಲ. ಅಳತೆ ಬ್ಲೌಸನ್ನು ಒಗೆದು ಒಗೆದು ಹಿಗ್ಗಿಸಿದ್ದಾಳೆ ಅಂದುಕೊಂಡು, ಬೇರೆ ಅಳತೆ ಕಳಿಸು ಎಂದು ಹೇಳಿಕಳಿಸಿದೆ. ಬೇರೆಯದು ಬಂತು. ಅದರಂತೆ ಹೊಲಿದದ್ದೂ ಸಡಿಲವಾಯಿತು. ಈ ಸಲ ಅಕ್ಕ ಊರಿನ ಅಂಗಡಿಯ ಫೋನಿನಿಂದ ಭಾಯಿಯ ಅಂಗಡಿಗೇ ಫೋನ್ ಮಾಡಿದಳು.

"ಏನೇ, ನಂಗೆ ಅಂತ ಹೊಲ್ದಿದ್ದೋ, ನಮ್ಮತ್ತೆಗೆ ಹೊಲ್ದಿದ್ದೋ? ಭುಜದಿಂದ ಜಾರ್ತದೆ ಕಣೇ."

"ಅಕ್ಕ, ನನ್ ಕತ್ರಿ ತಪ್ಪಲ್ಲ. ನೀನೇ ಏನೋ ಎಡವಟ್ಟು ಮಾಡ್ಕೊಂಡಿದೀಯ."

"ಬುಡು ಬುಡು, ದೊಡ್ಡ ಟೈಲರ್ ಆಗ್ಬುಟ್ಟೆ. ಅಕ್ಕನ ಅಳತೆನೇ ಮರ್ತೋಯ್ತು."

ನಾನು ಫೋನ್ ಇಟ್ಟು ಆ ಮಧ್ಯಾಹ್ನವೆಲ್ಲ ಮೆಷಿನ್ನನ್ನು ಕುಟ್ಟಿದೆ. ಭಾಯಿ ಕೆಮ್ಮಿ ಕೆಮ್ಮಿ ಸುಸ್ತಾದರು.

ಗೌರಿ ಹಬ್ಬಕ್ಕೆ ಮುಂಚೆ ಮತ್ತೆ ಗಂಟು ಬಂತು. ಬಿಚ್ಚಿ ನೋಡಿದರೆ ಅಳತೆ ಬ್ಲೌಸಿನ ಎರಡೂ ಪಕ್ಕ, ತೋಳು, ಎಲ್ಲ ಕಡೆ ಅಕ್ಕ ತಾನೇ ಬಿಳಿ ದಾರದಲ್ಲಿ ಒಳಕ್ಕೆ ಹಿಡಿದು ಹೊಲಿದಿದ್ದಳು. ಹಿಡಿದದ್ದು ಸ್ವಲ್ಪವೂ ಅಲ್ಲ. ದೊಡ್ಡವಳ ಬ್ಲೌಸು ಹುಡುಗಿಯ ಬ್ಲೌಸಾಗಿತ್ತು. ಅದಕ್ಕಿಂತ ನನ್ನ ಕಣ್ಣು ಕುಕ್ಕಿದ್ದು ಆ ಹೊಲಿಗೆ. ಒಂದು ಉದ್ದ, ಒಂದು ಗಿಡ್ಡ, ಒಂದು ಆ ಕಡೆ, ಒಂದು ಈ ಕಡೆ. ನನ್ನನ್ನು ಕೆಣಕಲು ಬೇಕೆಂದೇ ಹೀಗೆ ಹೊಲಿದಿದ್ದಾಳೆ ಎಂದು ಹಲ್ಲು ಕಡಿಯುತ್ತ ಅದನ್ನು ಹಿಡಿದು ಭಾಯಿಯ ಮುಂದೆ ನಿಂತೆ.

"ನೋಡಿ ಭಾಯಿ, ನಮ್ಮಕ್ಕನ ಸೊಕ್ಕು."

ಭಾಯಿ ಕನ್ನಡಕ ಏರಿಸಿ ನೋಡಿದರು. ನಗಲಿಲ್ಲ.

"ಅಕ್ಕ ಸಣ್ಣಗಾಗಿದಾಳಾಮ್ಮ?"

"ಗೊತ್ತಿಲ್ಲ. ಊಟ ಮಾತ್ರ ಜೋರಂತೆ. ಕಂಡಕ್ಟರ್ ಹೇಳ್ತಿದ್ದ, ಅವ್ರತ್ತೆ ಊರೆಲ್ಲ ನಗಾಡ್ತಾರಂತೆ."

"ನಮ್ ತಮ್ಮಾನೂ ಹಂಗೇ ಇದ್ದ. ತಿಂತಾ ತಿಂತಾನೇ ಒಣಗ್ದ. ಚೆನ್ನಾಗಿ ತಿಂತಾವ್ನಲ್ಲ ಅಂತ ನಾವೂ ಸುಮ್ನಿದ್ವಿ. ಶುಗರ್ ಅಂತ ಗೊತ್ತಾಗೋಷ್ಟ್ರಲ್ಲಿ ಹೊತ್ತು ಮೀರಿತ್ತು. ಹೋಗಿ ನೋಡ್ಕೊಂಡ್ ಬಾಮ್ಮ."

ಕೈಯಲ್ಲಿದ್ದ ಬ್ಲೌಸನ್ನು ಮತ್ತೆ ನೋಡಿದೆ. ಸೊಟ್ಟ ಹೊಲಿಗೆ ಹಾಕು ಎಂದು ನೀವು ಅಕ್ಕನ ತಲೆಯ ಮೇಲೆ ಕೂತರೂ ಅವಳಿಗೆ ಅದು ಬರುವುದಿಲ್ಲ. ಆ ಕೈ ನಡುಗಿದೆ ಎಂದು ಆಗ ಹೊಳೆಯಿತು. ನನಗೆ ಭಯವಾಯಿತು. ಆದರೆ ಭಯವನ್ನು ನಾನು ಸಿಟ್ಟಿನಲ್ಲೇ ತೋರಿಸುವವಳು. ಅಂಗಡಿಯ ಬಾಗಿಲು ಎಳೆದು, ಟೇಪನ್ನು ಕತ್ತಿಗೆ ಹಾಕಿಕೊಂಡೇ ಗುಬ್ಬಿ ಬಸ್ ಹತ್ತಿದೆ.

ಹಾಗಲವಾಡಿಯಲ್ಲಿ ಅಕ್ಕ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಬೆನ್ನು ನೋಡಿ, ಯಾರೋ ಕೂಲಿ ಹುಡುಗಿ ಅಂದುಕೊಂಡೆ. ತಿರುಗಿದಳು. ಕೆನ್ನೆ ಒಳಕ್ಕೆ ಹೋಗಿತ್ತು, ಕಣ್ಣು ಹೊರಕ್ಕೆ ಬಂದಂತಿತ್ತು. ಗಾಳಿ ತಣ್ಣಗಿದ್ದರೂ ಹಣೆಯ ತುಂಬ ಬೆವರು. ಸೆರಗನ್ನು ಕತ್ತಿಗೆ ಸುತ್ತಿಕೊಂಡಿದ್ದಳು. ಅವಳ ಕೈಯ ಹುಲ್ಲನ್ನು ಕಿತ್ತುಕೊಂಡು ನಾನೇ ಹಸುವಿನ ಮುಂದೆ ಹಾಕಿದೆ.

ಕೋಣೆಗೆ ಕರೆದುಕೊಂಡು ಹೋಗಿ, ಬೇಡ ಬೇಡ ಎಂದರೂ ಕೇಳದೆ ಟೇಪು ಹಿಡಿದೆ. ತೋಳು ನನ್ನ ಮುಷ್ಟಿಗೆ ಬಂತು. ಎದೆಯ ಸುತ್ತ ಟೇಪು ಸುತ್ತುವಾಗ ಅವಳ ಎದೆ ಡವಡವ ಹೊಡೆದುಕೊಳ್ಳುವುದು ನನ್ನ ಬೆರಳಿಗೆ ತಾಗಿತು. ಸುಮ್ಮನೆ ನಿಂತವಳ ಎದೆ ಹಾಗೆ ಓಡಬಾರದು.

"ಯಾವಾಗಿಂದ ಅಕ್ಕ?"

"ಏನೂ ಇಲ್ಲ ಕಣೇ. ಕೆಲಸ ಜಾಸ್ತಿ. ಎಲ್ರೂ ಸ್ಲಿಮ್ ಆಗಿದೀಯ ಅಂತಾರೆ, ನೀನೊಬ್ಳು ಗಾಬ್ರಿ ಬೀಳ್ತೀಯ."

ಹೊರಗೆ ಬಂದು ಅವಳ ಅತ್ತೆಯ ಹತ್ತಿರ ಆಸ್ಪತ್ರೆಯ ಮಾತೆತ್ತಿದೆ. ಅವರು ಕೆಟ್ಟವರಲ್ಲ. ಸೊಸೆಗೆ ದೃಷ್ಟಿ ತೆಗೆದಿದ್ದರು, ಹುಳದ ಔಷಧಿ ಕುಡಿಸಿದ್ದರು, ತಲೆಗೆ ಹರಳೆಣ್ಣೆ ತಟ್ಟಿದ್ದರು. ತಮಗೆ ತಿಳಿದದ್ದನ್ನೆಲ್ಲ ಮಾಡಿ ಕೂತಿದ್ದರು.

"ಆಸ್ಪತ್ರೆಗೆ ಯಾಕವ್ವ? ಮೂರು ಮುದ್ದೆ ಉಣ್ತಾಳೆ. ಕಾಯಿಲೆ ಬಿದ್ದೋರು ಹಿಂಗೆ ಉಣ್ತಾರಾ? ಅಲ್ಲಿಗೆ ಹೋದ್ರೆ ನೋಡ್ದೋರು ಟಿಬಿ ಅಂತ ಹಬ್ಬಿಸ್ತಾರೆ. ಆಮೇಲೆ ನಮ್ಮನೆ ನೀರೂ ಕುಡಿಯಲ್ಲ ಯಾರೂವೆ."

ಎಲ್ಲರೂ ಜಾರಿ ಬಿದ್ದದ್ದು ಇಲ್ಲೇ. ಊಟ ಬಿಟ್ಟವರು ಮಾತ್ರ ರೋಗಿಗಳು, ತಟ್ಟೆ ಖಾಲಿ ಮಾಡುವವರಿಗೆ ಏನೂ ಆಗಿಲ್ಲ ಎಂದು ನಮ್ಮವರ ಲೆಕ್ಕ. ನಾನು ವಾದ ಮಾಡಿದೆ, ದನಿ ಏರಿಸಿದೆ, ಪಕ್ಕದ ಮನೆಯವರು ಇಣುಕುವ ತನಕ ಕೂಗಾಡಿದೆ. ಅತ್ತೆ ಕದಲಲಿಲ್ಲ. ಸಿಟ್ಟಿನಿಂದ ಆಗದ್ದನ್ನು ಕಸುಬಿನಿಂದ ಮಾಡೋಣ ಎಂದುಕೊಂಡು ಟೇಪನ್ನು ಪಟಪಟ ಒದರಿ ಮಡಚಿದೆ.

"ಹೋಗ್ಲಿ ಬಿಡಿ ಅತ್ತೆ. ಆದ್ರೆ ಹಬ್ಬಕ್ಕೆ ಬ್ಲೌಸ್ ಬೇಕು ಅಂದ್ರೆ ಅಕ್ಕ ಅಂಗಡಿಗೆ ಬರ್ಲೇಬೇಕು. ನಿಲ್ಲಿಸ್ಕೊಂಡು ಕಟ್ ಮಾಡ್ಬೇಕು. ಎರಡು ಸಲ ಕೆಟ್ಟಿದೆ, ಇನ್ನು ನಾನು ಬಟ್ಟೆ ಹಾಳು ಮಾಡಲ್ಲ."

ಡಾಕ್ಟರ ಮಾತಿಗೆ ಎದುರಾಡುವವರುಂಟು, ಟೈಲರ್ ಮಾತಿಗೆ ಎದುರಾಡುವವರು ನಮ್ಮ ಕಡೆ ಕಡಿಮೆ. ಬಟ್ಟೆ ಹಾಳಾಗುತ್ತದೆ ಎಂದ ಕೂಡಲೇ ಅತ್ತೆ ಒಪ್ಪಿದರು. ನನ್ನ ಜೀವನದಲ್ಲಿ ನಾನು ಹೇಳಿದ ಸುಳ್ಳುಗಳಲ್ಲೆಲ್ಲ ಇದರ ಮೇಲೆ ನನಗೆ ಬಹಳ ಹೆಮ್ಮೆ.

ಆಗಲೇ ಅಕ್ಕನನ್ನು ಹೊರಡಿಸಿದೆ. ನಮ್ಮಿಬ್ಬರನ್ನು ಬಸ್ಸಿನ ತನಕ ಬಿಡಲು ಭಾವ ಬಂದರು. ಅವರಿಗೆ ಮಾತ್ರ ನಿಜ ಹೇಳಿದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ನಂಗೂ ಒಳಗೇ ಭಯ ಇತ್ತು ಕಣಮ್ಮ. ಯಾರ್ ಹತ್ರ ಹೇಳದು? ಇರು, ನಾನೂ ಬತ್ತೀನಿ." ಹಾಕಿದ್ದ ಹವಾಯಿ ಚಪ್ಪಲಿಯಲ್ಲೇ ಬಸ್ ಹತ್ತಿದರು.

ಗುಬ್ಬಿಯಲ್ಲಿ ಇಳಿದು ನೇರ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಡಾಕ್ಟರಮ್ಮ ಅಕ್ಕನನ್ನು ತೂಗಿದರು, ನಾಡಿ ಹಿಡಿದರು, ಕತ್ತಿನ ಸೆರಗು ಸರಿಸಿ ಎಂಜಲು ನುಂಗಲು ಹೇಳಿದರು. ಕತ್ತಿನ ಮುಂಭಾಗ ಮೆತ್ತಗೆ ಊದಿಕೊಂಡದ್ದು ಆಗ ನನಗೂ ಕಂಡಿತು. ಆಮೇಲೆ ಎರಡೂ ಕೈ ಮುಂದಕ್ಕೆ ಚಾಚಿಸಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆ ಗಡಗಡ ನಡುಗಿತು. ಫ್ಯಾನ್ ಗಾಳಿ ಇರಬೇಕೆಂದು ಭಾವ ಮೇಲೆ ನೋಡಿದರು. ಫ್ಯಾನ್ ತಿರುಗುತ್ತಿರಲಿಲ್ಲ.

"ಹಸಿವು ಜಾಸ್ತಿನಾ?" ಡಾಕ್ಟರಮ್ಮ ಕೇಳಿದರು.

ಅಕ್ಕ ತಲೆ ತಗ್ಗಿಸಿದಳು. ಕಳ್ಳತನ ಒಪ್ಪಿಕೊಳ್ಳುವವಳಂತೆ ಹೂಂ ಅಂದಳು.

"ತಲೆ ಯಾಕಮ್ಮ ತಗ್ಗಿಸ್ತೀಯ? ಅದೂ ಕಾಯಿಲೆದೇ ಲಕ್ಷಣ. ಉಪವಾಸ ಮಾಡಿ, ಬೇಕು ಅಂತ ಇಳಿದ್ರೆ ಅದು ಬೇರೆ. ಏನೂ ಮಾಡ್ದೆ ತಿಂಗಳಿಂದ ತಿಂಗಳಿಗೆ ಬಟ್ಟೆ ಸಡಿಲ ಆಗ್ತಾ ಹೋದ್ರೆ ಕಾರಣ ಹುಡುಕ್ಲೇಬೇಕು. ಊಟ ಸೇರ್ತಿಲ್ಲ ಅಂದ್ರೂ ಬರ್ಬೇಕು, ಚೆನ್ನಾಗಿ ಸೇರ್ತಿದೆ ಅಂದ್ರೂ ಬರ್ಬೇಕು. ಜ್ವರ, ಬಿಡದ ಕೆಮ್ಮು, ರಕ್ತ ಹೋಗೋದು, ಎಲ್ಲಾದ್ರೂ ಗಂಟು, ಇವು ಇದ್ರಂತೂ ಕಾಯೋ ಮಾತೇ ಇಲ್ಲ."

ಥೈರಾಯ್ಡ್ ಇರಬಹುದು ಎಂದು ಅವರಿಗೆ ಅನುಮಾನ. ಆದರೆ ನೋಡಿದ್ದರಿಂದಲೇ ತೀರ್ಮಾನಿಸುವುದಿಲ್ಲ, ಶುಗರ್ ನೋಡಬೇಕು, ಕಫ ನೋಡಬೇಕು, ಎದೆಯ ಎಕ್ಸ್‌ರೇ ಆಗಬೇಕು, ಥೈರಾಯ್ಡ್ ಪರೀಕ್ಷೆಗೆ ತುಮಕೂರಿನಲ್ಲಿ ರಕ್ತ ಕೊಟ್ಟರೆ ಅದು ಬೆಂಗಳೂರಿಗೆ ಹೋಗಿ ರಿಪೋರ್ಟ್ ಬರಬೇಕು ಅಂದರು. ಎದೆ ಬಡಿತಕ್ಕೆ ಒಂದು ಮಾತ್ರೆ ಬರೆದುಕೊಟ್ಟು, ರಿಪೋರ್ಟ್ ಬರುವ ತನಕ ಅಕ್ಕನಿಗೆ ಹೊಲದ ಕೆಲಸ ಬೇಡ ಎಂದರು.

ಹೊಲಿಗೆಯ ನೆಪದಲ್ಲಿ ಅಕ್ಕ ತುಮಕೂರಿನ ನನ್ನ ಮನೆಯಲ್ಲೇ ಉಳಿದಳು. ಕಫದಲ್ಲಿ ಏನೂ ಇಲ್ಲ, ಎಕ್ಸ್‌ರೇ ಚೆನ್ನಾಗಿದೆ, ಶುಗರ್ ಇಲ್ಲ ಎಂದು ಬೇಗನೆ ತಿಳಿಯಿತು. ಥೈರಾಯ್ಡಿನದು ಮಾತ್ರ ಬರಲಿಲ್ಲ. ಅದೂ ಅಲ್ಲದಿದ್ದರೆ ಮತ್ತೇನು? ಹೇಳಲು ಬಾಯಿ ಬಾರದ ಆ ದೊಡ್ಡ ಕಾಯಿಲೆಯ ಹೆಸರು ನನ್ನ ತಲೆಯಲ್ಲಿ ತಿರುಗುತ್ತಿತ್ತು. ಅಮ್ಮನನ್ನು ಕಳೆದುಕೊಂಡದ್ದು ನನಗೆ ನೆನಪಿಲ್ಲ, ಆಗ ನಾನು ಅಷ್ಟು ಚಿಕ್ಕವಳು. ಅಕ್ಕನನ್ನು ಕಳೆದುಕೊಂಡರೆ ಇಬ್ಬರಿಗಾಗಿಯೂ ಒಟ್ಟಿಗೇ ಅಳಬೇಕಾಗುತ್ತದೆ ಅನ್ನಿಸುತ್ತಿತ್ತು. ಮೆಷಿನ್ನಿನ ಮುಂದೆ ಕೂತರೆ ದಾರ ಕಾಣುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಮರೆತುಹೋದ ಕತ್ತರಿ ತರಲು ಮನೆಗೆ ಬಂದೆ. ಅಕ್ಕ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಬೆಳಗಿನ ತಣ್ಣನೆ ಮುದ್ದೆಗೆ ಬರೀ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುತ್ತಿದ್ದಳು. ನನ್ನನ್ನು ಕಂಡು ತಟ್ಟೆಯನ್ನು ಬೆನ್ನ ಹಿಂದಕ್ಕೆ ಇಟ್ಟುಕೊಂಡಳು.

"ಯಾಕಕ್ಕ ಹಿಂಗೆ?"

"ಹಸಿವು ಕಣೇ." ತಟ್ಟೆಯನ್ನು ಕೆಳಗಿಟ್ಟಳು. "ಈಗ ತಾನೇ ಉಂಡಿದ್ದೆ. ಆದ್ರೂ ಹೊಟ್ಟೆ ತುಂಬಲ್ಲ. ಎಷ್ಟು ಉಂಡ್ರೂ ತುಂಬಲ್ಲ. ಊರಲ್ಲಿ ಎಲ್ರೂ ನಗ್ತಾರೆ, ತಿಂದಿದ್ದು ಎಲ್ಲೋಗುತ್ತೆ ಅಂತಾರೆ. ಮಕ್ಳಿಗಿಟ್ಟಿದ್ದನ್ನೂ ತಿಂದ್ಬುಟ್ಟಿದೀನಿ ಕಣೇ ಒಂದಿನ. ನಾಚ್ಕೆ ಆಗುತ್ತೆ ನಂಗೆ."

ಚಿಕ್ಕಂದಿನಲ್ಲಿ ನನಗೆ ಮೊದಲು ಬಡಿಸಿ ತಾನು ಕೊನೆಗೆ ಉಳಿದದ್ದನ್ನು ಉಣ್ಣುತ್ತಿದ್ದ ಅಕ್ಕ, ಹಸಿವನ್ನು ಇಷ್ಟು ದಿನ ಕದ್ದು ಇಟ್ಟುಕೊಂಡಿದ್ದಳು. ಕಾಯಿಲೆ ಎಂದು ಹೇಳೋಣವೆಂದರೆ ಉಣ್ಣುತ್ತಿದ್ದಾಳೆ, ಉಣ್ಣೋಣವೆಂದರೆ ನಗುತ್ತಾರೆ. ನಾನು ಅವಳನ್ನು ಮಣೆಯ ಮೇಲೆ ಕೂರಿಸಿ, ಹೆಂಚಿಟ್ಟು ಅಕ್ಕಿ ರೊಟ್ಟಿ ತಟ್ಟಿದೆ. ಅವಳು ಸಾಕು ಅನ್ನುವ ತನಕ ತಟ್ಟುತ್ತೇನೆ ಎಂದು ಹಟ ಹಿಡಿದೆ. ಹಿಟ್ಟು ಮುಗಿಯಿತು. ಅವಳು ಸಾಕು ಅನ್ನಲಿಲ್ಲ. ಇಬ್ಬರೂ ಖಾಲಿ ಪಾತ್ರೆ ನೋಡಿ ಅತ್ತೆವು, ಆಮೇಲೆ ಯಾಕೋ ನಗು ಬಂತು, ನಕ್ಕೆವು.

ರಿಪೋರ್ಟ್ ಬಂತು. ಅದನ್ನು ಹಿಡಿದು ಭಾವ, ನಾನು, ಅಕ್ಕ ಗುಬ್ಬಿಗೆ ಹೋದೆವು. ಡಾಕ್ಟರಮ್ಮ ಓದಿ, ಕನ್ನಡಕ ತೆಗೆದು ಅಕ್ಕನ ಕಡೆ ನೋಡಿ ನಕ್ಕರು.

"ಥೈರಾಯ್ಡೇ. ಕತ್ತಲ್ಲಿರೋ ಗ್ರಂಥಿ ಅಳತೆ ಮೀರಿ ಕೆಲಸ ಮಾಡ್ತಿದೆ. ಒಲೆ ಉರಿ ಜೋರು ಮಾಡಿಟ್ಟಂಗೆ, ಎಷ್ಟು ಸೌದೆ ಹಾಕಿದ್ರೂ ಬೂದಿ. ಇದಕ್ಕೆ ಮಾತ್ರೆ ಇದೆ. ವಾಸಿ ಆಗ್ತೀಯ."

ವಾಸಿ ಆಗ್ತೀಯ ಎಂಬ ಮಾತು ಕೇಳಿ ಭಾವ ಎದ್ದು ಆಚೆ ಹೋದರು. ವಾಪಸ್ ಬಂದಾಗ ಅವರ ಮುಖ ತೊಳೆದಂತಿತ್ತು. ಮಾತ್ರೆ ತಪ್ಪಿಸಬಾರದು, ಹುಷಾರಾದಂತೆ ಕಂಡರೂ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು, ಆಗಾಗ ರಕ್ತ ಪರೀಕ್ಷೆ ಆಗಬೇಕು, ಜ್ವರ ಅಥವಾ ಗಂಟಲು ನೋವು ಬಂದರೆ ಅದೇ ದಿನ ಬರಬೇಕು ಎಂದು ಡಾಕ್ಟರಮ್ಮ ಮೂವರ ಬಾಯಲ್ಲೂ ಹೇಳಿಸಿದರು. ನಾನು ಅಷ್ಟು ಶ್ರದ್ಧೆಯಿಂದ ಸ್ಕೂಲಿನಲ್ಲೂ ಪಾಠ ಒಪ್ಪಿಸಿರಲಿಲ್ಲ.

ಆ ದಿನವೇ ಹಾಗಲವಾಡಿಗೆ ಹೋಗಿ ಅತ್ತೆಯ ಮುಂದೆ ನಿಜ ಬಿಚ್ಚಿಟ್ಟೆ. ಬೈಯುತ್ತಾರೆಂದು ತಯಾರಾಗಿಯೇ ಹೋಗಿದ್ದೆ, ನಾಲ್ಕು ಉತ್ತರ ನನ್ನಲ್ಲೂ ಇದ್ದವು. ಅವರು ಬೈಯಲಿಲ್ಲ. ಟಿಬಿ ಅಲ್ಲ ಎಂದು ಕೇಳಿ ಸಮಾಧಾನವಾದದ್ದೂ ನಿಜ. ಆದರೆ ಆ ಹಸಿವೇ ಕಾಯಿಲೆ ಎಂದು ಹೇಳಿದಾಗ ಅವರು ಕೂತಲ್ಲೇ ಕುಗ್ಗಿದರು.

"ಅಯ್ಯೋ ನನ್ ಮಗಳೇ. ನಾನೂ ನಕ್ನಲ್ಲವ್ವ," ಅಂದರು. ಅಂದಿನಿಂದ ಮಾತ್ರೆಯ ಉಸ್ತುವಾರಿ ಅವರದೇ. ಅಕ್ಕ ಮರೆತರೂ ಅವರು ಮರೆಯುತ್ತಿರಲಿಲ್ಲ. ಕೈಯಲ್ಲಿ ನೀರಿನ ಚೊಂಬು ಹಿಡಿದು ಹೊಲದ ಬದುವಿನ ತನಕ ಹೋಗುತ್ತಿದ್ದರಂತೆ.

ಸುಧಾರಣೆ ಒಂದೇ ದಿನಕ್ಕೆ ಆಗಲಿಲ್ಲ. ಮೊದಲು ಬೆವರು ನಿಂತಿತು, ಆಮೇಲೆ ಕೈ ನಡುಕ ಇಳಿಯಿತು. ಎರಡು ಹಬ್ಬ ಕಳೆಯುವಷ್ಟರಲ್ಲಿ ಕೆನ್ನೆ ತುಂಬಿಕೊಳ್ಳತೊಡಗಿತು. ನಾನು ಅವಳ ಬ್ಲೌಸುಗಳನ್ನೆಲ್ಲ ತರಿಸಿ ಒಳಗೆ ಹಿಡಿದ ಬಟ್ಟೆ ಬಿಚ್ಚಿದೆ. ಬಿಚ್ಚುವ ಕೆಲಸ ಎಂದರೆ ಟೈಲರುಗಳಿಗೆ ಅಲರ್ಜಿ, ದುಡ್ಡು ಕಡಿಮೆ, ಕಣ್ಣುರಿ ಜಾಸ್ತಿ. ನಾನು ಮಾತ್ರ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ತೋರಿಸುತ್ತ ಬಿಚ್ಚಿದೆ. ಭಾಯಿ ಆ ದಿನ ಕೆಮ್ಮಲೇ ಇಲ್ಲ, ಇಡೀ ಬೀದಿಗೆ ಟೀ ತರಿಸಿದರು.

ಅದಾದ ಮೇಲೆ ಅಂಗಡಿಯಲ್ಲೊಂದು ನಿಯಮ ಮಾಡಿದೆ. ಅಳತೆ ಬ್ಲೌಸು ಎಷ್ಟೇ ಚೆನ್ನಾಗಿರಲಿ, ವರ್ಷಕ್ಕೊಮ್ಮೆಯಾದರೂ ಹೆಂಗಸು ಬಂದು ಎದುರಿಗೆ ನಿಲ್ಲಬೇಕು. ಸಡಿಲವಾಯಿತು ಎಂದವರ ಜೊತೆ ಈಗಲೂ ಜಗಳಾಡುತ್ತೇನೆ, ಆದರೆ ಮೊದಲು ಟೇಪು ಹಿಡಿಯುತ್ತೇನೆ. ಬೇಕೆಂದು ಇಳಿದಿದ್ದೀರಾ, ತಾನಾಗಿ ಇಳಿಯಿತಾ ಎಂದು ಕೇಳುತ್ತೇನೆ. ತಾನಾಗಿ ಅಂದರೆ ಬಟ್ಟೆ ಮುಟ್ಟುವುದಿಲ್ಲ, ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ ಅನ್ನುತ್ತೇನೆ. ಕೆಲವರು ಬೈದುಕೊಂಡು ಬೇರೆ ಟೈಲರ್ ಹುಡುಕಿಕೊಂಡು ಹೋಗಿದ್ದಾರೆ, ಹೋಗಲಿ.

ಆ ವರ್ಷದ ಅವರೆಕಾಯಿಯ ಕಾಲ ಬಂತು. ಒಂದು ಭಾನುವಾರ ಹಾಗಲವಾಡಿಗೆ ಹೋದೆ. ಅತ್ತೆ ಹಿತಕಿದ ಅವರೆಬೇಳೆ ಸಾರು ಮಾಡಿದ್ದರು, ಊರ ಬಾಗಿಲಿಗೇ ವಾಸನೆ ಬರುತ್ತಿತ್ತು. ನಾವೆಲ್ಲ ಸಾಲಾಗಿ ಕೂತೆವು. ಅಕ್ಕ ಈಗ ಗೋಡೆಗೆ ಮುಖ ಮಾಡಿರಲಿಲ್ಲ, ನಡುವೆ ಕೂತಿದ್ದಳು, ಆಚೆ ಈಚೆ ಮಕ್ಕಳು. ಒಂದು ಮುದ್ದೆ ನಿಧಾನವಾಗಿ, ಮಾತಾಡುತ್ತ, ನಗುತ್ತ ಉಂಡಳು. ಅತ್ತೆ ಇನ್ನೊಂದು ಬಿಸಿ ಮುದ್ದೆ ಹಿಡಿದು ಬಂದು ಅವಳ ತಟ್ಟೆಯ ಮೇಲೆ ಬಾಗಿದರು.

ಅಕ್ಕ ಎರಡೂ ಕೈಯನ್ನು ತಟ್ಟೆಗೆ ಅಡ್ಡ ಹಿಡಿದಳು. ಕೈ ಒಂದಿಷ್ಟೂ ನಡುಗಲಿಲ್ಲ.

"ಸಾಕು ಅತ್ತೆ," ಅಂದಳು. "ಹೊಟ್ಟೆ ತುಂಬ್ತು."

ಭಾವ ತುತ್ತು ಎತ್ತಿದವರು ಹಾಗೇ ಕೂತರು. ಅತ್ತೆಯ ಕೈಯಲ್ಲಿ ಮುದ್ದೆ ಹಾಗೇ ಇತ್ತು, ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ನಾನು ಗಟ್ಟಿಯಾಗಿ ನಕ್ಕು, ಆ ಮುದ್ದೆ ಇಲ್ಲಿಗೆ ಹಾಕಿ ಎಂದು ನನ್ನ ತಟ್ಟೆ ಮುಂದಕ್ಕೆ ಚಾಚಿದೆ.